ಒತ್ತು, ಹಿಡಿ, ಬಿಡು

ಲಾರಿ ನಿಂತ ಮೇಲೂ ಅಡಿಯಲ್ಲಿ ಮಲಗಿದ್ದ ಅವನು ಉಸಿರು ಬಿಡಲಿಲ್ಲ. ಬಿಟ್ಟರೆ ಆ ಗಾಳಿಗೇ ಅದು ಇನ್ನೊಂದು ಬೆರಳು ಮುಂದೆ ಬಂದೀತು ಅನ್ನಿಸಿತು. ಎಡಗಣ್ಣಿನ ಪಕ್ಕದಲ್ಲೇ ಹಿಂದಿನ ಚಕ್ರ. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಕಲ್ಲೊಂದು ಎಷ್ಟು ಹತ್ತಿರವಿತ್ತೆಂದರೆ ಅದು ಎರಡಾಗಿ ಕಾಣುತ್ತಿತ್ತು. ಕನ್ನಡಕದ ಅಂಗಡಿ ಇಟ್ಟವನಿಗೆ ಇದು ಗೊತ್ತಿರುವ ವಿಷಯವೇ, ಇಷ್ಟು ಹತ್ತಿರ ಹಿಡಿದದ್ದು ಯಾರ ಕಣ್ಣಿಗೂ ನೆಟ್ಟಗೆ ಕಾಣುವುದಿಲ್ಲ. ಎಂಥ ಹೊತ್ತಿನಲ್ಲಿ ಎಂಥ ಯೋಚನೆ! ಎಡಗೈ ಎತ್ತಲು ನೋಡಿದ, ಬರಲಿಲ್ಲ. ಹೋಯಿತು, ಕೈ ಹೋಯಿತು ಅಂದುಕೊಂಡ. ನೋವಿಲ್ಲ, ನೋವಿಲ್ಲದಿರುವುದೇ ಕೈ ಹೋಗಿದ್ದಕ್ಕೆ ಗುರುತು ಅಂದುಕೊಂಡ. ಬೆರಳಾಡಿಸಿ ನೋಡಿದರೆ ಐದೂ ಆಡಿದವು. ಚಕ್ರ ಹತ್ತಿ ಕೂತದ್ದು ಕೈಯ ಮೇಲಲ್ಲ, ಅಂಗಿಯ ತೋಳಿನ ಮೇಲೆ. ಮೊಣಕೈ ಹತ್ತಿರ ಜೋತಿದ್ದ ಬಟ್ಟೆಯನ್ನು ಅಷ್ಟು ಟನ್ ಕಬ್ಬಿಣ ನೆಲಕ್ಕೆ ಮೊಳೆ ಹೊಡೆದ ಹಾಗೆ ಹಿಡಿದುಕೊಂಡಿತ್ತು. ಜಾಕ್ ಕಾಲಿನ ಹತ್ತಿರ ಮಗುಚಿ ಬಿದ್ದಿತ್ತು. ಮೇಲೆ ಕ್ಯಾಬಿನ್ನಿನಲ್ಲಿ ಬ್ರೇಕಿನ ಪೆಡಲ್ ಒತ್ತಿಕೊಂಡು ಕೂತಿದ್ದ ಹೆಂಡತಿಯಿಂದ ಸದ್ದೇ ಇಲ್ಲ. ಆಮೇಲೆ ಬಾಗಿಲು ಕಿರ್ರೆಂದಿತು, ಚಪ್ಪಲಿ ಕಾಲು ನೆಲಕ್ಕೆ ಇಳಿಯಿತು, ಅವಳು ಬಗ್ಗಿ ನೋಡಿದಳು. ಮುಖ ತಲೆಕೆಳಗಾಗಿ ಕಂಡಿತು.

"ಅಯ್ಯೋ, ಅಂಗಿ!" ಅಂದಳು.

ತೋಳನ್ನು ಪರ್ರನೆ ಹರಿದುಕೊಂಡೇ ಅವನು ಹೊರಗೆ ಬಂದದ್ದು. ಎದ್ದು ನಿಲ್ಲಲು ಹೋದರೆ ಮೊಣಕಾಲೇ ಇಲ್ಲವೇನೋ ಅನ್ನುವ ಹಾಗೆ ಕುಸಿಯಿತು. ಲಾರಿಯ ಮಡ್‌ಗಾರ್ಡನ್ನೇ ಹಿಡಿದುಕೊಂಡ. ಹೊಡೆಯಲು ಬಂದವನ ಭುಜವನ್ನೇ ಆಸರೆಗೆ ಹಿಡಿದ ಹಾಗಾಯಿತು. "ಏನಾದ್ರೂ ಆಯ್ತಾ ರೀ?" ಅಂದಳು. "ಇಲ್ಲ." "ಕೈ?" "ಏನಿಲ್ಲ, ಅಂಗಿ ಮಾತ್ರ." "ಒಲೆ ಮೇಲೆ ಹಾಲಿಟ್ಟಿದ್ದೆ" ಅಂತ ಒಳಗೆ ಹೋದಳು. ಓಡಲಿಲ್ಲ, ಕಾಲೆಳೆಯಲೂ ಇಲ್ಲ, ದಿನಾ ಹೋಗುವ ಹಾಗೆ ಹೋದಳು. ಅಲ್ಲ, ಇವಳು ಜಿರಲೆ ಕಂಡರೆ ಬೀದಿಯ ಆ ತುದಿಗೆ ಕೇಳುವ ಹಾಗೆ ಕಿರುಚುವ ಹೆಂಗಸು! ನಲ್ಲಿ ಬಿಟ್ಟು ಮರೆತರೆ ಎದೆ ಹಿಡಿದುಕೊಳ್ಳುವವಳು. ಗಂಡ ಚಕ್ರದಡಿಯಿಂದ ಎದ್ದು ಬಂದರೆ ಹಾಲಿಟ್ಟಿದ್ದೆ ಅನ್ನುತ್ತಾಳೆ. ಆಗ ಮೊದಲ ಸಲ ಆ ಯೋಚನೆ ಬಂತು: ಮರೆತು ಕಾಲು ತೆಗೆದಳೋ, ಬೇಕೂಂತಲೇ ತೆಗೆದಳೋ? ಥೂ, ಎಂಥ ಮಾತು ಅಂತ ತನ್ನನ್ನೇ ಬೈದುಕೊಂಡ. ಬೈದುಕೊಂಡರೆ ಹೋಗುವಂಥದ್ದಾಗಿರಲಿಲ್ಲ ಅದು. ಅಂಗಳದ ಕಟ್ಟೆಯ ಮೇಲೆ ಕೂತು, ಒಂದು ತೋಳಿನ ಅಂಗಿಯಲ್ಲಿ, ಹಾಲು ಉಕ್ಕುವ ವಾಸನೆಗಾಗಿ ಕಾದ. ಉಕ್ಕಲಿಲ್ಲ, ಹೊತ್ತಿಗೆ ಸರಿಯಾಗಿ ಇಳಿಸಿದ್ದಳು.

ಬ್ರೇಕಿನ ಪೈಪಿನೊಳಗೆ ಗಾಳಿ ಹೊಕ್ಕರೆ ಪೆಡಲ್ ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಈ ಲಾರಿಗೆ ತಿಂಗಳಿಂದ ಅದೇ ಕಾಯಿಲೆ. ಬ್ರೇಕ್ ಆಯಿಲ್ ಕಡಿಮೆಯಾಗುತ್ತದೆ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ, ಪೆಡಲ್ ಮಾತ್ರ ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಕೂರುತ್ತದೆ. ಆ ಗಾಳಿ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿನ ಕಿರುಬೆರಳಿನ ಗಾತ್ರದ ನಿಪ್ಪಲ್ ಅನ್ನುವ ತಿರುಪನ್ನು ಸ್ಪ್ಯಾನರಿನಿಂದ ಸಡಿಲಿಸಬೇಕು. ಗಾಳಿಯೂ ಆಯಿಲೂ ಪಿಚಕ್ಕನೆ ಹಾರಿದ ಮೇಲೆ ಅದನ್ನು ಬಿಗಿ ಮಾಡಬೇಕು, ಆಮೇಲಷ್ಟೇ ಮೇಲಿನವರು ಕಾಲು ತೆಗೆಯಬೇಕು. ಮುಂಚೆ ತೆಗೆದರೆ ಹೋದ ಗಾಳಿಯೆಲ್ಲ ವಾಪಸ್ಸು. ಅದಕ್ಕೇ ಗಂಡ ಹೆಂಡತಿಯ ನಡುವೆ ಮೂರು ಮಾತು ಗೊತ್ತಾಗಿತ್ತು. ಒತ್ತು, ಅಂತ ಇವನು. ಒತ್ತಿದೆ, ಅಂತ ಅವಳು. ಹಿಡಿ, ಹಿಡಿದೆ. ಬಿಡು, ಬಿಟ್ಟೆ. ಮದುವೆಯಾದ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಆಡೋದು ಇದೊಂದೇ ಮಾತುಕತೆ ಸಾರ್, ಅಂತ ಅಂಗಡಿಗೆ ಬಂದವರ ಮುಂದೆ ತಮಾಷೆ ಮಾಡುತ್ತಿದ್ದ. ಇವತ್ತು ಹಿಡಿದೆ ಅಂದ ಮೇಲೆ ಅವಳು ಮೇಲಿಂದ ಬೇರೇನೋ ಹೇಳತೊಡಗಿದಳು. ಏನದು? ಎಷ್ಟು ತಡಕಾಡಿದರೂ ಸಿಗಲೊಲ್ಲದು. ಗಮನವೆಲ್ಲ ನಿಪ್ಪಲಿನ ಮೇಲಿತ್ತು, ಅದು ಬಿಗಿಯಾಗಿತ್ತು, ಸ್ಪ್ಯಾನರ್ ಜಾರುತ್ತಿತ್ತು. ಅವಳ ಮಾತು ಕೊನೆಗೆ ಮೇಲಕ್ಕೆದ್ದು ನಿಂತದ್ದು ಮಾತ್ರ ನೆನಪಿದೆ, ಪ್ರಶ್ನೆ ಕೇಳಿದವರ ಹಾಗೆ. ನಿಪ್ಪಲ್ ಅಂತೂ ತಿರುಗಿತು, ಆಯಿಲ್ ಮುಖಕ್ಕೆ ಹಾರಿತು, ಅವನು ಅದೇ ಸಿಟ್ಟಿನಲ್ಲಿ "ಬಿಡು" ಅಂದ, ಲಾರಿ ಜರುಗಿತು. ಅದೆಲ್ಲ ಈಗ ಬಿಡು ಅಂತ ಪೂರ್ತಿ ಅಂದನೋ, ಬರೀ ಬಿಡು ಅಂದನೋ? ಮಾತು ಬಿಡು ಅಂತ ಅವನ ಅರ್ಥ. ಪೆಡಲ್ ಬಿಡು ಅಂತ ಅವಳಿಗೆ ಕೇಳಿಸಿರಬಹುದು. ಹಾಗಿದ್ದರೆ ತಪ್ಪು ಆ ಎರಡಕ್ಷರದ್ದು, ಅವಳದ್ದಲ್ಲ. ಹಾಗೇ ಇರಲಪ್ಪಾ ಅಂತ ಎರಡು ಕೈಯಲ್ಲೂ ಮುಖ ಉಜ್ಜಿಕೊಂಡ, ಆಯಿಲ್ ಕಣ್ಣಿಗೆ ಹೋಯಿತು.

"ಏನ್ ಸಾರ್, ಸವತಿ ಮುನಿಸ್ಕೊಂಡ್ಲಾ?" ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಗುಮಾಸ್ತರ ತಲೆ ಎದ್ದಿತು. ಲಾರಿಗೆ ಆ ಹೆಸರಿಟ್ಟವಳು ಅವನ ಹೆಂಡತಿಯೇ. ಸೈನ್ಯದವರು ಸಾಕೆಂದು ಹರಾಜಿಗೆ ಹಾಕಿದ್ದನ್ನು ಅವನು ಕೊಂಡು ತಂದು ನಿಲ್ಲಿಸಿದ ದಿನ, ಅಂಗಳದಲ್ಲಿದ್ದ ಹೂವಿನ ಕುಂಡಗಳನ್ನೆಲ್ಲ ಒಂದೊಂದಾಗಿ ಎತ್ತಿ ತಾರಸಿಗೆ ಸಾಗಿಸುತ್ತ, ಸವತಿ ಬಂದ್ಲಲ್ಲ, ಜಾಗ ಬಿಡಬೇಕಲ್ಲ, ಅಂದಿದ್ದಳು. ಬೀದಿಗೆಲ್ಲ ಆ ಹೆಸರು ಹಬ್ಬಿತು. ಅವನಿಗೂ ಅದರಲ್ಲೊಂದು ಖುಷಿ ಇತ್ತೆನ್ನಿ. ಹಸಿರು ಬಣ್ಣ ಸುಲಿದ ಆ ಬಾನೆಟ್ಟನ್ನು ತಟ್ಟಿ, ಹೇಗಿದ್ದಾಳೆ ನೋಡಿ, ಅನ್ನುತ್ತಿದ್ದ. "ಸ್ವಲ್ಪ ಜಾರ್ತು ಅಷ್ಟೇ" ಅಂತ ಈಗ ಗುಮಾಸ್ತರಿಗೆ ಹೇಳಿದ. "ಅಂಗಿ ಹರಿದಿದೆಯಲ್ಲ?" "ಮೊಳೆ ತಾಗ್ತು." "ಮನೆಯವರು ಮೇಲಿದ್ರಾ?" "ಹ್ಞೂಂ." "ಪಾಪ, ಹೆದರ್ಕೊಂಡಿರ್ತಾರೆ" ಅಂದರು ಗುಮಾಸ್ತರು. ಅವನಿಗೆ ಮೈಯೆಲ್ಲ ಉರಿಯಿತು. ಹೆದರಿಕೊಂಡಿರಬೇಕಾಗಿತ್ತು, ಹೌದು. ಹೆದರಿದವರು ಹೇಗಿರುತ್ತಾರೆ ಅಂತ ಇವರಿಗೆ ಬೇಕಾದರೆ ತನ್ನ ಮೊಣಕಾಲು ತೋರಿಸಬಹುದಾಗಿತ್ತು.

ಅಣ್ಣ, ಅತ್ತಿಗೆ, ಅಂಗಡಿಯ ಅಕ್ಕಪಕ್ಕದವರು ನಾಲ್ಕು ಜನ ಲಾರಿ ನೋಡಲೆಂದೇ ಬಂದಿದ್ದರು ಒಂದು ಸಾಯಂಕಾಲ. ಇವಳು ಚಹಾದ ತಟ್ಟೆ ಹಿಡಿದು ನಿಂತವಳು ಇದ್ದಕ್ಕಿದ್ದ ಹಾಗೆ, "ನಂಗೂ ಒಂದ್ಸಲ ಬಿಡೋದು ಹೇಳ್ಕೊಡಿ. ಬ್ರೇಕು, ಕ್ಲಚ್ಚು ಎಲ್ಲ ಕಾಲಿಗೆ ಗೊತ್ತಾಗಿದೆ" ಅಂದಳು. ಎಲ್ಲರ ಮುಂದೆ ಕೇಳಿದರೆ ಇಲ್ಲ ಅನ್ನಲಾರ ಅಂತ ಲೆಕ್ಕ ಹಾಕಿರಬೇಕು, ಪಾಪ. ಅವನು, "ಇವಳು ಗಾಡಿ ಬಿಟ್ರೆ ನೇರ ಒಲೆ ಮುಂದೆ ಬಂದು ನಿಲ್ಲುತ್ತೆ" ಅಂದ. ಅಣ್ಣನಿಗೆ ನಕ್ಕೂ ನಕ್ಕೂ ಚಹಾ ಮೂಗಿಗೇರಿತು. ಅತ್ತಿಗೆ ಕೂಡ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚಾಗಿಯೇ ನಕ್ಕು, ಲೋಟಗಳನ್ನು ಒಳಗೆ ಒಯ್ದಳು. ನೀರು ಕುಡಿಯುವ ನೆವದಿಂದ ಅವನು ಒಳಗೆ ಹೋದಾಗ ಒಂದೇ ಲೋಟವನ್ನು ತೊಳೆಯುತ್ತಲೇ ಇದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುವುದನ್ನು ಅವನು ಕಣ್ಣಾರೆ ಕಂಡ, ಕಂಡವನು ನೀರು ಕುಡಿದು ಹೊರಗೆ ಬಂದ. ಅಷ್ಟೇ. ಅದೇನು ಕೊಲ್ಲುವಂಥ ಮಾತೇ? ಯಾವ ಮನೆಯಲ್ಲಿ ಇಷ್ಟು ಆಡುವುದಿಲ್ಲ? ಆದರೂ ಅಂಗಳದ ಕಟ್ಟೆಯ ಮೇಲೆ ಕೂತವನಿಗೆ ಅಣ್ಣನ ಆ ನಗು ಕಿವಿಯಲ್ಲಿ ನಿಂತುಬಿಟ್ಟಿತು.

ಕೂತರೆ ತಲೆ ಕೆಡುತ್ತದೆ, ನೋಡೋಣ ಅಂತ ಎದ್ದ. ಕಣ್ಣು ಪರೀಕ್ಷೆ ಮಾಡುವಾಗ ಅವನದೊಂದು ರೀತಿ ಇತ್ತು, ಒಂದು ಗಾಜು ಮಾತ್ರ ಬದಲಿಸುವುದು, ಉಳಿದದ್ದು ಮುಟ್ಟದೆ ಇದ್ದ ಹಾಗೇ ಇಡುವುದು. ಇದು ಚೆನ್ನಾಗಿ ಕಾಣುತ್ತಾ, ಇದಾ? ದಿನಕ್ಕೆ ಎಷ್ಟು ಜನರಿಗೆ ಕೇಳುತ್ತಾನೋ. ಹಾಗೇ ಒಂದೊಂದನ್ನೇ ನೋಡುತ್ತ ಬಂದ. ಅಂಗಳ ಗೇಟಿನ ಕಡೆಗೆ ಇಳಿಜಾರು, ಅದು ಗೊತ್ತಿದ್ದದ್ದೇ. ಮುಂದಿನ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳನ್ನು ಅಣ್ಣ ಒಯ್ದಿದ್ದ, ಅದಕ್ಕೇ ಇವನು ಇಟ್ಟಿಗೆ ಕೊಟ್ಟಿದ್ದ; ಅದು ಪುಡಿಪುಡಿಯಾಗಿ ಕೆಂಪು ಹಿಟ್ಟಾಗಿತ್ತು. ಸರಿ, ಇಟ್ಟಿಗೆಯನ್ನು ನಂಬಿದ್ದು ತನ್ನ ಮೂರ್ಖತನ. ಆದರೆ ಹ್ಯಾಂಡ್‌ಬ್ರೇಕ್ ಇರಬೇಕಲ್ಲ? ಕ್ಯಾಬಿನ್ ಹತ್ತಿ ನೋಡಿದ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು, ಬಿಗಿಯಾಗಿ, ಅವನು ಬೆಳಿಗ್ಗೆ ಎಳೆದ ಹಾಗೆಯೇ. ಹ್ಯಾಂಡ್‌ಬ್ರೇಕ್ ಹಾಕಿದ ಲಾರಿ ಎಲ್ಲಿಗಾದರೂ ಹೋಗುತ್ತದೆಯೇ? ಪೆಡಲಿನಿಂದ ಕಾಲು ತೆಗೆದ ಮಾತ್ರಕ್ಕೆ ಜರುಗುವ ಹಾಗಿದ್ದರೆ ಹ್ಯಾಂಡ್‌ಬ್ರೇಕ್ ಯಾಕೆ ಬೇಕು? ಹಾಗಾದರೆ ಯಾರೋ ಅದನ್ನು ಇಳಿಸಿದ್ದಾರೆ, ಲಾರಿ ಜರುಗಿದ ಮೇಲೆ ಮತ್ತೆ ಎಳೆದಿದ್ದಾರೆ. ಯಾರೋ ಅಂತೆ, ಯಾರೋ! ಕ್ಯಾಬಿನ್ನಿನಲ್ಲಿ ಇದ್ದವರು ಒಬ್ಬರೇ. ಬಾಗಿಲು ತೆರೆಯುವ ಮುಂಚಿನ ಆ ಮೌನ ನೆನಪಾಯಿತು. ಅಷ್ಟು ಹೊತ್ತು ಅವಳು ಏನು ಮಾಡುತ್ತಿದ್ದಳು? ಸೀಟಿನ ಮೇಲೆ ಅವಳು ದಿನಾ ಹಾಸಿಕೊಳ್ಳುವ ಟವೆಲು ನೀಟಾಗಿ ಮಡಿಸಿತ್ತು. ಮಡಿಸಿಟ್ಟು ಇಳಿದಿದ್ದಳು! ಅವನು ಆ ಟವೆಲನ್ನು ಮುಟ್ಟಲಾರದೆ ಇಳಿದು ಬಂದ.

"ಊಟಕ್ಕೆ ಬನ್ನಿ" ಅಂತ ಕರೆದಳು. ಹೋದ. ಎದುರಿಗೆ ಬಡಿಸಿದಳು, ತಾನೂ ಕೂತಳು. ಉಪ್ಪು ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಮನಸ್ಸು ಕಲಕಿದ ದಿನ ಹೆಂಗಸರು ಉಪ್ಪು ಮರೆಯುತ್ತಾರೆ ಅಂತ ಯಾರು ಅವನ ತಲೆಗೆ ತುಂಬಿದ್ದರೋ, ನಾಲಿಗೆಯಲ್ಲಿ ಹುಡುಕುತ್ತ ಕೂತ. ಮೇಜಿನ ಕೆಳಗೆ ಅವಳ ಬಲಗಾಲು ಕಾಣುತ್ತಿತ್ತು. ಹಿಮ್ಮಡಿ ಒಡೆದಿದೆ, ಹೆಬ್ಬೆರಳಿನ ಉಗುರಿನಲ್ಲಿ ಕರೀ ಗ್ರೀಸು. ಎಷ್ಟೋ ವರ್ಷಗಳಿಂದ ಅದೇ ಹಾಸಿಗೆಯಲ್ಲಿ ಅವನ ಕಾಲಿಗೆ ತಾಗಿದ ಕಾಲು. ಅದನ್ನು ಯಾವತ್ತೂ ಹೀಗೆ ನೋಡಿರಲಿಲ್ಲ. ಅವನು ನೋಡುವುದು ಗೊತ್ತಾಯಿತೋ ಏನೋ, ಅವಳು ಬೆರಳು ಮಡಿಚಿಕೊಂಡು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡಳು. "ಸಾಯಂಕಾಲ ಮುಗಿಸ್ತೀರಾ ಅದನ್ನ?" ಅಂದಳು. "ಯಾವುದನ್ನ?" "ಗಾಳಿ ತೆಗೆಯೋದು. ನಾನು ಮತ್ತೆ ಬಂದು ಕೂತ್ಕೋಬೇಕಾ ಅಂತ ಕೇಳ್ದೆ." ನೀರು ನೆತ್ತಿಗೇರಿತು. "ಬೇಡ!" ಅಂದ, ಕೆಮ್ಮುತ್ತಲೇ. ಆ ಬೇಡ ಎಷ್ಟು ಜೋರಾಗಿ ಬಂತೆಂದರೆ ಅವಳ ಕೈ ತುತ್ತಿನ ಮೇಲೆ ನಿಂತಿತು. ಅವನ ಮುಖ ನೋಡಿದಳು. "ಸರಿ" ಅಂದಳು. ಕಟ್ಟಿಕೊಂಡ ಹೆಂಡತಿಗೆ ಹೆದರಿ ಕೆಮ್ಮುವ ಗಂಡಸು ಅಂತ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೇಳಿಬಿಡೋಣ, ಏನು ಹೇಳ್ತಿದ್ದೆ ಆಗ ಅಂತ ಇಷ್ಟೇ ಕೇಳೋಣ ಅಂತ ಬಾಯಿ ತೆರೆದವನು ಇನ್ನೊಂದು ಚಮಚ ಪಲ್ಯ ಕೇಳಿದ. ಬಡಿಸಿದಳು.

ಮಧ್ಯಾಹ್ನ ಮತ್ತೆ ಲಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಡಿಗೆ ಇಣುಕಿದ. ಕೆಳಗೆ ಹೋಗುವ ಧೈರ್ಯವಿರಲಿಲ್ಲ, ಹೊರಗಿಂದಲೇ ಟಾರ್ಚ್ ಬಿಟ್ಟ. ಬೆಳಕು ಹ್ಯಾಂಡ್‌ಬ್ರೇಕಿನ ಕಂಬಿಯನ್ನೇ ಹಿಡಿದು ಹೋಯಿತು. ಬೇರೆ ಗಾಡಿಗಳಲ್ಲಿ ಅದು ಚಕ್ರಗಳಿಗೆ ಹೋಗುತ್ತದೆ. ಈ ಮಿಲಿಟರಿ ಲಾರಿಯಲ್ಲಿ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ದಪ್ಪ ಶಾಫ್ಟನ್ನು ಹಿಡಿಯುತ್ತದೆ, ಅಷ್ಟೇ. ಶಾಫ್ಟ್ ನಿಂತರೆ ಎರಡೂ ಚಕ್ರ ನಿಂತವು ಅಂತ ಲೆಕ್ಕ. ಅವನು ಟಾರ್ಚನ್ನು ಆ ಚಕ್ರದಿಂದ ಈ ಚಕ್ರಕ್ಕೆ, ಈ ಚಕ್ರದಿಂದ ಆ ಚಕ್ರಕ್ಕೆ ಆಡಿಸಿದ. ನಿಂತವೇ? ಎರಡೂ ನೆಲದ ಮೇಲಿದ್ದರೆ ನಿಂತವು. ಬೆಳಿಗ್ಗೆ ಒಂದನ್ನು ಜಾಕಿನಿಂದ ಎತ್ತಿದ್ದನಲ್ಲ! ಶಾಫ್ಟ್ ನಿಂತಿದ್ದರೂ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಿದರೆ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಅಯ್ಯೋ ದೇವರೇ! ಜಾಕ್ ಹಾಕಿದ ಗಳಿಗೆಯಿಂದ ಹ್ಯಾಂಡ್‌ಬ್ರೇಕ್ ಇದ್ದೂ ಇರಲಿಲ್ಲ. ಇಷ್ಟೇ ಅಲ್ಲ. ಇದರ ಬ್ರೇಕಿಗೆ ಇರುವುದು ಒಂದೇ ಪೈಪು. ಒಂದು ನಿಪ್ಪಲ್ ತೆರೆದರೆ ನಾಲ್ಕೂ ಚಕ್ರದ ಬಿಗಿ ಹೋಯಿತು. ಅವನೇ ಸ್ಪ್ಯಾನರ್ ತಿರುಗಿಸಿದ, ಅವನೇ ಲಾರಿಯನ್ನು ಇಟ್ಟಿಗೆಯ ಮೇಲೆ ಬಿಟ್ಟ. ಮೇಲೆ ಕೂತವರ ಕಾಲು ಪೆಡಲಿನ ಮೇಲಿದ್ದರೆಷ್ಟು, ಇಲ್ಲದಿದ್ದರೆಷ್ಟು?

ಊಹೆ ಸಾಲದು. ಕಣ್ಣಲ್ಲಿ ನೋಡಬೇಕು. ಮುಂದಿನ ಚಕ್ರಗಳಿಗೆ ಒಂದು ಮೊಳ ದೂರದಲ್ಲಿ ಎರಡು ದಪ್ಪ ಕಲ್ಲು ಉರುಳಿಸಿ ತಂದಿಟ್ಟ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಹೆಂಡತಿಯ ಜಾಗಕ್ಕೆ ಕಸಬರಿಕೆಯ ಕೋಲು ತಂದು, ಸೀಟಿನ ಸ್ಪ್ರಿಂಗನ್ನು ಅದುಮಿ, ಪೆಡಲಿಗೂ ಸೀಟಿಗೂ ನಡುವೆ ಸಿಕ್ಕಿಸಿದ. ಪೆಡಲ್ ಎಷ್ಟು ಕೆಳಗೆ ಹೋದರೂ ಸ್ಪ್ರಿಂಗ್ ತಳ್ಳುತ್ತಲೇ ಇರುತ್ತದೆ. ಕೋಲಿಗೆ ಮರೆವಿಲ್ಲ, ಸಿಟ್ಟಿಲ್ಲ, ಬಿಡು ಅಂದರೆ ಏನು ಬಿಡಬೇಕು ಅನ್ನುವ ಗೊಂದಲವಿಲ್ಲ. ಇಟ್ಟಿಗೆಯ ಪುಡಿಯನ್ನು ಗುಡಿಸಿದ. ಆಮೇಲಷ್ಟೇ ಅದೇ ಹಿಂದಿನ ಚಕ್ರವನ್ನು ಮತ್ತೆ ಜಾಕಿನಿಂದ ಎತ್ತಿದ. ಈ ಸಲ ಚಕ್ರದ ಹಿಂದೆ, ದಾರಿಗೆ ಸಿಗದ ಹಾಗೆ ಮಲಗಿ, ಕೈ ಮಾತ್ರ ಚಾಚಿ, ಸ್ಪ್ಯಾನರನ್ನು ನಿಪ್ಪಲಿಗೆ ಹಾಕಿದ. ತಿರುಗಿಸಿದ. ಆಯಿಲ್ ಚಿಮ್ಮಿತು. ಎಲ್ಲೋ ಲೋಹ ನಿಟ್ಟುಸಿರಿಟ್ಟ ಹಾಗೆ ಸದ್ದಾಯಿತು, ಲಾರಿ ಜರುಗಿತು, ಎತ್ತಿದ ಚಕ್ರ ಅವನ ಕಣ್ಣೆದುರಿಗೇ ನಿಧಾನವಾಗಿ ಹಿಂದಕ್ಕೆ ತಿರುಗಿತು, ಜಾಕ್ ಮಗುಚಿತು, ಚಕ್ರ ಧೊಪ್ಪನೆ ನೆಲಕ್ಕೆ ಬಿತ್ತು. ಬಿದ್ದ ಕೂಡಲೇ, ಕಲ್ಲಿನವರೆಗೂ ಹೋಗದೆ, ಲಾರಿ ತಾನಾಗಿ ನಿಂತಿತು. ಎರಡೂ ಚಕ್ರ ನೆಲ ಮುಟ್ಟಿದವಲ್ಲ, ಹ್ಯಾಂಡ್‌ಬ್ರೇಕ್ ಹಿಡಿಯಿತು. ಎದ್ದು ಕ್ಯಾಬಿನ್ನಿಗೆ ಇಣುಕಿದ. ಕೋಲು ಪೆಡಲನ್ನು ತಳಕ್ಕೆ ಒತ್ತಿಕೊಂಡೇ ನಿಂತಿತ್ತು! ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಲಾರಿ ಆಗ ಇಳಿಯಿತು.

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. "ರೀ! ರೀ!" ಅಂತ ಕಿರುಚುತ್ತ ಅವಳು ಬರಿಗಾಲಲ್ಲಿ ಓಡಿ ಬಂದಳು. ಬೀದಿಯ ಆ ತುದಿಗೆ ಕೇಳುವ ಕಿರುಚು. ಕೈಯಲ್ಲಿ ಸೋಪಿನ ನೊರೆ, ಮುಖದಲ್ಲಿ ರಕ್ತವಿಲ್ಲ. ಅವನು ನಿಂತಿರುವುದನ್ನು ಕಂಡು, ಲಾರಿಯ ಬಾಗಿಲಿಗೆ ಒರಗಿ ಏದುಸಿರು ಬಿಟ್ಟಳು. ಅವನಿಗೆ ಅವಳ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ಆಯಿಲ್ ಕೈಯಲ್ಲೇ ಅವಳ ಎರಡೂ ಭುಜ ಹಿಡಿದುಕೊಂಡ.

"ನಿನ್ನ ತಪ್ಪಿಲ್ಲ ಕಣೇ! ಸ್ವಲ್ಪವೂ ಇಲ್ಲ. ನೋಡು, ಕೋಲು ನೋಡು, ಅದು ಒತ್ತಿಕೊಂಡೇ ಇದೆ. ಆದ್ರೂ ಲಾರಿ ಹೋಯ್ತು." ಹ್ಯಾಂಡ್‌ಬ್ರೇಕು, ಶಾಫ್ಟು, ಎತ್ತಿದ ಚಕ್ರ, ತೆರೆದ ನಿಪ್ಪಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೈಯಾಡಿಸಿ ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ ತಿರುಗಿಸಿ ತೋರಿಸಿದ. ಅವಳು ಕೋಲನ್ನೇ ನೋಡುತ್ತಿದ್ದಳು.

"ಅಂದ್ರೆ, ನಾನು ಒತ್ತಿ ಹಿಡ್ಕೊಂಡಿದ್ರೂ ಹೋಗ್ತಿತ್ತು."

"ಹೋಗೇ ಹೋಗ್ತಿತ್ತು!"

"ಬಿಟ್ಟಿದ್ರೂ ಅಷ್ಟೇ."

"ಅಷ್ಟೇ! ನಾನು ಒಬ್ಬ ಪೆದ್ದ, ಬೆಳಿಗ್ಗೆಯಿಂದ ಏನೇನೋ..." ನಗಲು ನೋಡಿದ. "ನಾನೇ ಅಲ್ವಾ ಬಿಡು ಅಂದಿದ್ದು. ನೀನೇನೋ ಹೇಳ್ತಿದ್ದೆ, ಅದನ್ನ ಬಿಡು ಅಂದೆ. ನೀನು ಪೆಡಲ್ ಅಂದ್ಕೊಂಡೆ."

"ಬಿಡೋದು ಕಲಿಸ್ತೀರಾ ಅಂತ ಇನ್ನೊಂದ್ಸಲ ಕೇಳ್ದೆ" ಅಂದಳು. "ನೀವೇನೂ ಹೇಳ್ಲಿಲ್ಲ. ಸುಮಾರು ಹೊತ್ತು ಹೇಳ್ಲಿಲ್ಲ. ಬಿಡು ಅಂದಿದ್ದು ಆಮೇಲೆ."

"ಆಮೇಲೆ ಅಂದ್ರೆ?"

"ಅಷ್ಟೊತ್ತಿಗೆ ನಾನು ಕಾಲು ತೆಗೆದಾಗಿತ್ತು."

ಗುಮಾಸ್ತರ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟರು. ಅವನ ಕೈ ಇನ್ನೂ ಅವಳ ಭುಜದ ಮೇಲೆಯೇ ಇತ್ತು. ಎಲ್ಲಿಡಬೇಕೆಂದು ತೋಚದೆ ಅಲ್ಲೇ ಇತ್ತು. ಬಾಯಿಗೆ ಬಂದದ್ದು ಲಾರಿಯ ಮಾತೇ. "ತೆಗೆದಿದ್ರೂ ಏನಾಗಲ್ಲ ಕಣೇ, ಅದನ್ನೇ ಹೇಳ್ತಿರೋದು. ನಿಪ್ಪಲ್ ತೆರೆದ ಮೇಲೆ ನಿನ್ನ ಕಾಲಿಂದ ಏನೂ ಆಗಲ್ಲ. ಏನಂದ್ರೆ ಏನೂ ಆಗಲ್ಲ."

"ಹ್ಞೂಂ, ಈಗ ಹೇಳಿದ್ರಲ್ಲ" ಅಂದಳು ಅವಳು. ಸೋಪಿನ ನೊರೆ ಮೊಣಕೈವರೆಗೂ ಇಳಿದು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆಗ ಅದು ನಂಗೆ ಗೊತ್ತಿರ್ಲಿಲ್ಲ."